ಅಂಬಾಸಿಡರ್‌ಗೆ 7 ಇಂಚಿನ ಎಲ್‌ಇಡಿ ಹೆಡ್‌ಲೈಟ್: ರೊಕ್ಕ ಬಿಚ್ಚುವ ಮುಂಚೆ ವೈರಿಂಗ್ ನೋಡ್ರಿ

ಹುಬ್ಬಳ್ಳಿಯ ಆಕ್ಸೆಸರೀಸ್ ಅಂಗಡಿಯಲ್ಲಿ ಅಂಬಾಸಿಡರ್‌ಗೋ ಪದ್ಮಿನಿಗೋ ಎಲ್‌ಇಡಿ ಕೇಳಿದರೆ ಎರಡು ಬಗೆಯ ಮಾಲು ಕೌಂಟರ್ ಮೇಲೆ ಬರುತ್ತದೆ. ಒಂದು, ಇರುವ ಲೈಟಿನೊಳಗೇ ಸಿಕ್ಕಿಸುವ ಎಚ್4 (ಲೋ, ಹೈ ಎರಡೂ ಒಂದರಲ್ಲೇ ಇರುವ ನಮೂನೆ) ಎಲ್‌ಇಡಿ ಬಲ್ಬ್. ಇನ್ನೊಂದು, ಹಳೆ ಥಾರ್, ಬುಲೆಟ್‌ಗೆಂದು ಮಾರುವ 7 ಇಂಚಿನ ಇಡೀ ದುಂಡು ಲೈಟು. ಬಲ್ಬು ಅಗ್ಗ, ಹಾಕುವುದೂ ಸಲೀಸು. ಅದನ್ನು ಅಲ್ಲೇ ಬಿಟ್ಟು ಬರ್ರಿ.

ಎಚ್4 ಹ್ಯಾಲೊಜೆನ್ನಿನ ಲೋ ಬೀಮ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲಿದೆ. ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕಷ್ಟೇ ಬಡಿದು ರಸ್ತೆಗೆ ಇಳಿಯುವುದು ಅದರ ದೆಸೆಯಿಂದ. ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಚಿಪ್ ಆ ತಂತಿಯ ಜಾಗದಲ್ಲಿ ಕೂರುವುದಿಲ್ಲ, ಬಟ್ಟಲು ಇದ್ದರೂ ಹೆಸರಿಗೆ. ಬೆಳಕು ಮೇಲಕ್ಕೆ ಚೆಲ್ಲಿ ಎದುರಿನವನ ಕಣ್ಣು ಕುಕ್ಕುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಮ್ಮ ಕಣ್ಣಿಗೇ ತಿರುಗಿ ಬಡಿಯುತ್ತದೆ. ಬಲ್ಬಿನ ಹಿಂದಿನ ಫ್ಯಾನ್ ಹಳೇ ಬಕೆಟ್ಟಿನಲ್ಲಿ (ಲೈಟು ಕೂರುವ ಲೋಹದ ಗೂಡು) ಹಿಡಿಸದೆ ರಬ್ಬರ್ ಕೊಯ್ದರೆ ಧೂಳೂ ಒಳಗೆ.

7 ಇಂಚಿನದು ಬಕೆಟ್ಟಿಗೆ ಸರಿಯಾಗಿ ಕೂರುತ್ತದೆ. ಆದರೆ ಅಂಗಡಿಯಲ್ಲೇ ಬ್ಯಾಟರಿ ಹಚ್ಚಿಸಿ ಲೋ ಬೀಮನ್ನು ಗೋಡೆಗೆ ಬಿಟ್ಟು ನೋಡ್ರಿ. ಕತ್ತರಿಸಿದಂಥ ಗೆರೆ ಬೀಳಬೇಕು, ಅದು ಎಡಕ್ಕೆ ಏರಬೇಕು. ಬಲಕ್ಕೆ ಏರಿದರೆ ಅದು ಅಮೆರಿಕದ ರಸ್ತೆಯ ಮಾಲು, ಇಲ್ಲಿ ಎದುರಿನ ಲಾರಿಯವನ ಮುಖಕ್ಕೇ ಬೆಳಕು. ಗೆರೆಯೇ ಇಲ್ಲದಿದ್ದರೆ ಮಾತೇ ಬೇಡ.

ಲಾಭ ಯಾರಿಗೆ? ಬ್ಯಾಟರಿ ಚಾರ್ಜಿಗೆ ಹಳೇ ಡೈನಮೋ ಇರುವ ಗಾಡಿಗೆ. ಲ್ಯೂಕಾಸ್ ಸಿ40 ಡೈನಮೋದ ಗರಿಷ್ಠವೇ 22 ಆಂಪಿಯರ್, ಐಡಲಿಂಗ್‌ನಲ್ಲಿ ಚಾರ್ಜೇ ಇಲ್ಲ. 60 ವಾಟಿನ ಎರಡು ಹೈ ಬೀಮ್ 10 ಆಂಪಿಯರ್ ನುಂಗುತ್ತವೆ. 30 ವಾಟಿನ ಎಲ್‌ಇಡಿ ಜೋಡಿಗೆ 5 ಸಾಕು. ಅದರ ಬದಲು ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಇದ್ದವರು ಮೊದಲು ಮೀಟರ್ ಹಿಡಿಯಿರಿ: ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಪಿನ್ನಿನಲ್ಲಿ 12.4 ಬಂದರೆ ಹ್ಯಾಲೊಜೆನ್ ಬೆಳಕು ಸುಮಾರು 30% ಖೋತಾ. ತಪ್ಪು ಬಲ್ಬಿನದಲ್ಲ, ಸವೆದ ಸ್ವಿಚ್ಚು, ಕಾಲಡಿಯ ಡಿಪ್ಪರ್ (ಲೋ-ಹೈ ಬದಲಿಸುವ ಸ್ವಿಚ್), ತುಕ್ಕು ಹಿಡಿದ ಅರ್ಥ್ ವೈರಿನದು. ಇವರಿಗೆ ರಿಲೇ (ಬ್ಯಾಟರಿಯ ಕರೆಂಟನ್ನು ನೇರ ಲೈಟಿಗೆ ಬಿಡುವ ಸ್ವಿಚ್) ಹಾಕಿಸಿ ಒಳ್ಳೆ 60/55 ವಾಟಿನ ಹ್ಯಾಲೊಜೆನ್ ಬಲ್ಬ್ ಇಟ್ಟರೆ ಎಲ್‌ಇಡಿಯ ಗೋಜೇ ಬೇಕಿಲ್ಲ.

ರಿಲೇ ಎರಡು ಬೇಕು, ಲೋಗೆ ಒಂದು, ಹೈಗೆ ಒಂದು. 12 ವೋಲ್ಟ್, 30 ಆಂಪಿಯರ್. 30ನೇ ಪಿನ್ನಿಗೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ 2.5 ಚದರ ಮಿಮೀ ವೈರ್, 87ರಿಂದ ಲೈಟಿಗೆ, 86ಕ್ಕೆ ಹಳೇ ಲೈಟಿನ ವೈರ್, 85 ಗಾಡಿಯ ಲೋಹದ ಮೈಗೆ. ಎರಡೂ ಲೈಟಿನಿಂದ ಬಣ್ಣ ಕೆರೆದ ಲೋಹಕ್ಕೆ ಬೇರೆ ಅರ್ಥ್ ಎಳೆಯಿರಿ. ಎಲ್‌ಇಡಿ ಮಿಣಿಮಿಣಿ ಅನ್ನುವುದು ಹೆಚ್ಚಾಗಿ ಇದು ಸಡಿಲವಾದಾಗಲೇ. ತೀರಾ ಹಳೆ ಗಾಡಿಯಾದರೆ ಬ್ಯಾಟರಿಯ ಯಾವ ಟರ್ಮಿನಲ್ ಗಾಡಿಯ ಮೈಗೆ ಜೋಡಿಸಿದೆ ನೋಡ್ರಿ. ಪಾಸಿಟಿವ್ ಇದ್ದಲ್ಲಿ ಸಾಮಾನ್ಯ ಎಲ್‌ಇಡಿ ಉರಿಯದು, ಸುಟ್ಟೂ ಹೋದೀತು.

ಅಡ್ಜಸ್ಟ್ ಸ್ಕ್ರೂಗೆ ಹಿಂದಿನ ರಾತ್ರಿಯೇ ತುಕ್ಕಿನ ಎಣ್ಣೆ ಬಿಡಿ. ಸಮತಟ್ಟು ನೆಲ, ಗೋಡೆಗೆ 10 ಮೀಟರ್: ಗೆರೆ ಲೈಟಿನ ನಡುಮಟ್ಟಕ್ಕಿಂತ 10 ಸೆಂಮೀ ಕೆಳಗಿರಲಿ. ಹಿಂದೆ ಮೂವರು ಕೂತರೆ ಲೀಫ್ ಸ್ಪ್ರಿಂಗ್ ಕುಸಿದು ಅಂಬಾಸಿಡರ್ ಮೂತಿ ಎತ್ತುತ್ತದೆ, ಆ ಭಾರ ಹಾಕಿಯೇ ಅಳೆಯಿರಿ.

ಇನ್ನೊಂದು ಕಿರಿಕಿರಿ: ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಡ್ರೈವರ್ ಸರ್ಕ್ಯೂಟ್ ಅಗ್ಗದ್ದಾದರೆ ಲೈಟು ಹಾಕಿದ ಕೂಡಲೇ ಹಳೇ ರೇಡಿಯೊದಲ್ಲಿ 765 ಕಿಲೋಹರ್ಟ್ಜ್‌ನ ಧಾರವಾಡ ಆಕಾಶವಾಣಿ ಗೊರಗೊರ ಅನ್ನುತ್ತದೆ. ವೈರಿಗೆ ಫೆರೈಟ್ ರಿಂಗ್ (ಸದ್ದು ತಡೆಯುವ ಕಾಂತೀಯ ಬಳೆ) ಹಾಕಿದರೆ ತಗ್ಗುತ್ತದೆ, ಪೂರ್ತಿ ಹೋಗುವುದು ಕಡಿಮೆ.