ಫಾಸ್ಫೋ-ಇಆರ್‌ಕೆ ಪ್ರತಿಕಾಯ: ನಾಲ್ಕು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ನಾಲ್ಕು ವರ್ಷಗಳಿಂದ ನಾನು ಬಳಸುತ್ತಿರುವ ಈ ಮಾನೋಕ್ಲೋನಲ್ ಪ್ರತಿಕಾಯವು (ನಿರ್ದಿಷ್ಟ ಗುರಿಗೆ ಮಾತ್ರ ಅಂಟಿಕೊಳ್ಳುವ, ಒಂದೇ ಬಗೆಯ ಪ್ರೋಟೀನ್) ಇಆರ್‌ಕೆ ಎಂಬ ಸಂಕೇತವಾಹಕ ಪ್ರೋಟೀನನ್ನು ಅದು ಚುರುಕಾಗಿದ್ದಾಗ ಮಾತ್ರ, ಅಂದರೆ 202ನೆಯ ಥ್ರಿಯೋನಿನ್ ಮತ್ತು 204ನೆಯ ಟೈರೋಸಿನ್ ಎಂಬ ಅಮೈನೋ ಆಮ್ಲಗಳು ಫಾಸ್ಫೇಟ್ ಹೊತ್ತಿದ್ದಾಗ ಮಾತ್ರ, ಗುರುತಿಸುತ್ತದೆ. ಉಳಿದ ವಿವರಗಳು ಸೀಸೆಯ ಜತೆ ಬರುವ ಹಾಳೆಯಲ್ಲಿವೆ. ಆ ಹಾಳೆಯಲ್ಲಿ ಇಲ್ಲದ ಒಂದು ಸಂಗತಿಗಾಗಿ ನಾನು ಮೂರು ತಿಂಗಳು ಕಳೆದುಕೊಂಡೆನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

100 ಮೈಕ್ರೋಲೀಟರಿನ ಸೀಸೆ ನಮ್ಮಂಥವರಿಗೆ ದುಬಾರಿ. ಆದುದರಿಂದ ಅದನ್ನು ಮುಟ್ಟುವ ರೀತಿಯೇ ಬೇರೆ. ಸಂಜೆ ಮೈನಸ್ 20 ಡಿಗ್ರಿಯ ಪೆಟ್ಟಿಗೆಯಿಂದ ತೆಗೆದು ನೇರವಾಗಿ ಐಸಿನ ಮೇಲಿಡುತ್ತೇನೆ. ಗ್ಲಿಸರಾಲ್ ಇರುವುದರಿಂದ ದ್ರವ ಗಟ್ಟಿಯಾಗಿರುವುದಿಲ್ಲ, ಆದರೆ ಜೇನಿನಂತೆ ಮಂದವಾಗಿರುತ್ತದೆ. ಪಿಪೆಟ್ಟಿನ ತುದಿಯನ್ನು ಮೇಲ್ಮೈಗೆ ಮಾತ್ರ ತಾಗಿಸಿ, ನಿಧಾನವಾಗಿ ಎರಡೂವರೆ ಮೈಕ್ರೋಲೀಟರ್ ಎಳೆದು, ಹೊರಗೆ ಅಂಟಿದ ಹನಿಯನ್ನು ಸೀಸೆಯ ಬಾಯಿಗೇ ಒರೆಸಿ ಹಿಂದಿರುಗಿಸುತ್ತೇನೆ. ಅದು 5 ಮಿಲಿಲೀಟರ್ ಅಲ್ಬುಮಿನ್ ದ್ರಾವಣಕ್ಕೆ ಹೋಗುತ್ತದೆ; ಪ್ರತಿಕಾಯ ಎಲ್ಲೆಂದರಲ್ಲಿ ಅಂಟದಂತೆ ಅಲ್ಬುಮಿನ್ ತಡೆಯುತ್ತದೆ. ಅದೇ ಕೆಲಸಕ್ಕೆ ಹಾಲಿನ ಪುಡಿ ಅಗ್ಗವೇ, ಆದರೆ ಅದರ ಕೇಸಿನ್ ಸ್ವತಃ ಫಾಸ್ಫೇಟ್ ಹೊತ್ತ ಪ್ರೋಟೀನ್ ಆದುದರಿಂದ ಅದರ ಗೋಜಿಗೆ ಹೋಗಿಲ್ಲ. ಕೋಶಗಳ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಅಂಟಿಸಿದ ಮೆಂಬ್ರೇನನ್ನು (ವೆಸ್ಟರ್ನ್ ಬ್ಲಾಟ್ ವಿಧಾನ) ಕೊಳವೆಯೊಳಗೆ ಸುತ್ತಿಟ್ಟು ಶೀತಕೋಣೆಯ ರೋಲರ್ ಮೇಲೆ ರಾತ್ರಿಯಿಡೀ ಉರುಳಲು ಬಿಟ್ಟು ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಆ ದ್ರಾವಣವನ್ನು ಚೆಲ್ಲುವುದಿಲ್ಲ. ದಿನಾಂಕ ಬರೆದು ಮರಳಿ ಶೈತ್ಯದಲ್ಲಿಟ್ಟು ನಾಲ್ಕು ಸಲವಾದರೂ ಬಳಸುತ್ತೇನೆ.

ಮೊದಲ ವರ್ಷ ನನಗೆ ಇದರ ಮೇಲೆ ನಂಬಿಕೆಯೇ ಹುಟ್ಟಲಿಲ್ಲ. ಹೀಲಾ ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳನ್ನು ರಾತ್ರಿಯಿಡೀ ಸೀರಂ (ಬೆಳವಣಿಗೆ ಅಂಶಗಳಿರುವ ರಕ್ತದ್ರವ) ಇಲ್ಲದೆ ಉಪವಾಸವಿಟ್ಟು, ಬೆಳಿಗ್ಗೆ ಇಜಿಎಫ್ ಬೆಳವಣಿಗೆ ಅಂಶ ಕೊಟ್ಟರೆ ಐದನೆಯ ನಿಮಿಷಕ್ಕೆ ಮೆಂಬ್ರೇನ್ ಮೇಲೆ 42 ಮತ್ತು 44 ಕಿಲೋಡಾಲ್ಟನ್‌ಗಳಲ್ಲಿ (ಇಆರ್‌ಕೆಯ ಎರಡು ರೂಪಗಳ ಗಾತ್ರ) ಎರಡು ಪಟ್ಟಿಗಳು ದಟ್ಟವಾಗಿ ಮೂಡಬೇಕು, ಮೂಡುತ್ತಿದ್ದವು. ಆದರೆ ಏನನ್ನೂ ಕೊಡದ ಸೊನ್ನೆ ನಿಮಿಷದ ಕೋಶಗಳಲ್ಲೂ ಅವೇ ಪಟ್ಟಿಗಳು ಕಾಣುತ್ತಿದ್ದವು. ಪ್ರತಿಕಾಯವು ಫಾಸ್ಫೇಟ್ ಇಲ್ಲದ ಇಆರ್‌ಕೆಯನ್ನೂ ಹಿಡಿಯುತ್ತಿದೆ ಎಂದು ತೀರ್ಮಾನಿಸಿ, ಮಾರಾಟಗಾರರಿಗೆ ದೂರು ಬರೆದೆ. ಅವರು ಅದೇ ಹಾಳೆಯನ್ನು ಮತ್ತೊಮ್ಮೆ ಕಳುಹಿಸಿದರು, ಅಷ್ಟೆ.

ಕೊನೆಗೆ ಸತ್ಯ ತಿಳಿದದ್ದು ಯು0126 ಎಂಬ ಪ್ರತಿಬಂಧಕದಿಂದ. ಇಆರ್‌ಕೆಗೆ ಫಾಸ್ಫೇಟ್ ಜೋಡಿಸುವ ಮೆಕ್ ಕಿಣ್ವವನ್ನು ಅದು ತಡೆಯುತ್ತದೆ. ಅರ್ಧ ಗಂಟೆ ಮೊದಲೇ ಅದನ್ನು ಕೊಟ್ಟ ಕೋಶಗಳಲ್ಲಿ ಸೊನ್ನೆ ನಿಮಿಷದ ಪಟ್ಟಿಗಳು ಪೂರ್ತಿ ಅಳಿಸಿಹೋದವು, ಒಟ್ಟು ಇಆರ್‌ಕೆ ಮಾತ್ರ ಇದ್ದಷ್ಟೇ ಇತ್ತು. ಅಂದರೆ ಪ್ರತಿಕಾಯ ಕಂಡದ್ದು ನಿಜವಾದ ಫಾಸ್ಫೇಟನ್ನೇ. ನಾನೇ ಪ್ರಯೋಗಕ್ಕೆ ಮುನ್ನ ತಟ್ಟೆಗಳನ್ನು ಹೊರತೆಗೆದು, ತಣ್ಣಗಿನ ಹೊಸ ಮಾಧ್ಯಮ ಸುರಿದು, ಅಲುಗಾಡಿಸುತ್ತಿದ್ದೆ. ಇಷ್ಟು ಕದಡಿದರೂ ಸಾಕು, ಈ ಸಂಕೇತಮಾರ್ಗ ಎಚ್ಚೆತ್ತುಕೊಳ್ಳುತ್ತದೆ. ಈಗ ತಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲೇ ಬಿಟ್ಟು, ಬೆಚ್ಚಗಿನ ಸಾಂದ್ರ ದ್ರಾವಣದ ಒಂದೆರಡು ಹನಿಯಷ್ಟು ಇಜಿಎಫ್ ಸೇರಿಸಿ, ಸಮಯವಾದ ಕ್ಷಣವೇ ಐಸಿನ ಮೇಲಿಟ್ಟು, ಫಾಸ್ಫೇಟ್ ಕಳಚಿಹೋಗದಂತೆ ಕಾಯುವ ವೆನಡೇಟ್ ಮತ್ತು ಫ್ಲೋರೈಡ್ ಇರುವ ಬಫರಿನಲ್ಲಿ ಕೋಶಗಳನ್ನು ಒಡೆಯುತ್ತೇನೆ. ಸೊನ್ನೆ ನಿಮಿಷದ ಜಾಗ ಬೋಳಾಗಿದೆ. ಅಂದು ಬರೆದ ದೂರಿನ ಬಗ್ಗೆ ಇಂದಿಗೂ ಬೇಸರವಿದೆ, ಆದರೆ ಇಂಥ ಒಂದು ಸಾಲನ್ನು ಹಾಳೆಯಲ್ಲಿ ಮುದ್ರಿಸುವುದು ಅವರಿಗೆ ಕಷ್ಟವಾಗಿರಲಿಲ್ಲ ಎಂಬ ನನ್ನ ಮಾತನ್ನು ಹಿಂತೆಗೆಯುವುದಿಲ್ಲ.

ಅನಂತರದ ಮೂರು ಸೀಸೆಗಳಲ್ಲಿ ಎರಡು ಪಟ್ಟಿಗಳ ಚಹರೆ ಒಂದಿಷ್ಟೂ ಬದಲಾಗಿಲ್ಲ. ಇದಕ್ಕೆ ಮೊದಲು ಬಳಸುತ್ತಿದ್ದ ಪಾಲಿಕ್ಲೋನಲ್‌ನಲ್ಲಿ (ಹಲವು ಬಗೆಯ ಪ್ರತಿಕಾಯಗಳ ಮಿಶ್ರಣ) ಪ್ರತಿ ಹೊಸ ಸೀಸೆಗೂ ದುರ್ಬಲೀಕರಣವನ್ನು ಹೊಸದಾಗಿ ಹುಡುಕಬೇಕಾಗುತ್ತಿತ್ತು. ಒಂದೇ ತದ್ರೂಪಿ ಕೋಶವಂಶದಿಂದ ಒಂದೇ ಬಗೆಯ ಪ್ರತಿಕಾಯವನ್ನು ಪಡೆಯುವ ದಾರಿಯನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿಕೊಟ್ಟರು. ಅದರ ಬೆಲೆ ನನಗೆ ಅರ್ಥವಾದದ್ದು ಮೂರನೆಯ ಸೀಸೆ ತೆರೆದ ದಿನ.

ಸೂಕ್ಷ್ಮದರ್ಶಕಕ್ಕೆ ಬಳಸುವವರಿಗೆ ಒಂದು ಮಾತು: ಕೋಶಗಳನ್ನು ಇದ್ದಂತೆಯೇ ಸ್ಥಿರಗೊಳಿಸುವ ಫಾರ್ಮಾಲ್ಡಿಹೈಡ್ ಮತ್ತು ಅವುಗಳ ಪೊರೆಯಲ್ಲಿ ರಂಧ್ರ ಮಾಡುವ ಟ್ರೈಟಾನ್ ಮಾತ್ರ ಬಳಸಿದಾಗ ನನಗೆ ಸಿಕ್ಕಿದ್ದು ಮಂಕು ಬೆಳಕು, ಫಾರ್ಮಾಲ್ಡಿಹೈಡ್ ನಂತರ ಹಿಮದಷ್ಟು ತಣ್ಣನೆಯ ಮೆಥನಾಲ್‌ನಲ್ಲಿ ಹತ್ತು ನಿಮಿಷ ಇಟ್ಟ ಮೇಲೆ ಇಜಿಎಫ್ ಪಡೆದ ಕೋಶಗಳ ಕೇಂದ್ರಗಳು ಸ್ಪಷ್ಟವಾಗಿ ಬೆಳಗಿದವು. ಸಣ್ಣ ಪ್ರಮಾಣದ ಸೀಸೆ ದೊರೆತರೆ ಅದರಿಂದಲೇ ಆರಂಭಿಸಿ, ಮತ್ತು ಯು0126 ಅನ್ನು ಅದರ ಜತೆಗೇ ತರಿಸಿಕೊಳ್ಳಿ.