ವೆಲ್ಶ್ ಕೇಕ್‌ಗೆ ಹೋಗಿ, ಸೂಪಿಗೆ ಬೇಡ

ಮಂಗಳೂರಿನ ಬೆಂದೂರ್ ಕಡೆಯ ಸಣ್ಣ ಕೆಫೆಯೊಂದು ಮಾರ್ಚ್ 1ಕ್ಕೆ ವೇಲ್ಸ್‌ನ ಸಂತ ಡೇವಿಡ್ ಹಬ್ಬದ ತಿಂಡಿ ಇಟ್ಟಿತ್ತು. ಒಂದೆರಡು ದೂರು ಇರುವುದರಿಂದ ಹೆಸರು ಬರೆಯುವುದಿಲ್ಲ. ವೇಲ್ಸ್ ಅಂದರೆ ಬ್ರಿಟನ್ನಿನೊಳಗೆ ಇಂಗ್ಲೆಂಡಿನ ಪಕ್ಕದ ಬೇರೆಯೇ ನಾಡು, ಡೇವಿಡ್ ಅಲ್ಲಿನ ಪಾಲಕ ಸಂತ. ನನ್ನ ಅಕ್ಕನ ಮಗಳು ಅಲ್ಲಿನ ರಾಜಧಾನಿ ಕಾರ್ಡಿಫ್‌ನಲ್ಲಿ ನರ್ಸ್. ಅವಳಿಂದ ಕೇಳಿ ಕೇಳಿ ಈ ಹಬ್ಬದ ಸಂಗತಿ ನನಗೂ ಅಷ್ಟಿಷ್ಟು ಗೊತ್ತು. ಭಾನುವಾರ ಬೇರೆ. ಮಧ್ಯಾಹ್ನದ ನಿದ್ದೆಯಿಂದ ಗಂಡನನ್ನು ಎಬ್ಬಿಸಿ ಕರ್ಕೊಂಡು ಹೋದೆ.

ಮೊದಲು ವೆಲ್ಶ್ ಕೇಕ್. ಕೇಕ್ ಅಂದ ಕೂಡಲೇ ಕ್ರೀಮು, ಮೇಣದಬತ್ತಿ ಅಂದುಕೊಳ್ಳಬೇಡಿ. ಚಪ್ಪಟೆ ಬಿಲ್ಲೆ ಅಷ್ಟೇ. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ, ಸಣ್ಣ ಒಣದ್ರಾಕ್ಷಿ, ಚೂರು ಜಾಯಿಕಾಯಿ. ಓವನ್ ಬೇಡವೇ ಬೇಡ. ವೇಲ್ಸ್‌ನಲ್ಲಿ ದಪ್ಪ ಕಬ್ಬಿಣದ ಹಂಚಿನ ಮೇಲೆ ಬೇಯಿಸುತ್ತಾರೆ. ಇಲ್ಲಿ ನಮ್ಮ ಬೀಡಿನ ಕಾವಲಿಯನ್ನೇ ಒಲೆಯ ಮೇಲೆ ಇಟ್ಟಿದ್ದರು. ಉರಿ ಸಣ್ಣದು. ಅಡುಗೆಯಾಕೆ ಅವಸರ ಮಾಡಲಿಲ್ಲ. ಅಂಚು ಗಟ್ಟಿಯಾಗುವ ತನಕ ಕಾದು, ಸಟ್ಟುಗದಲ್ಲಿ ಮೆಲ್ಲ ಎತ್ತಿ ನೋಡಿ, ಕಂದು ಬಣ್ಣ ಬಂದ ಮೇಲೆಯೇ ಮಗುಚಿದರು. ಇಳಿಸಿ ಬಿಸಿ ಇರುವಾಗಲೇ ಸಕ್ಕರೆಯಲ್ಲಿ ಹೊರಳಿಸಿ ಕೊಟ್ಟರು. ಹೊರಗೆ ಗರಿ, ಒಳಗೆ ಮೆತ್ತಗೆ. ಬಿಸ್ಕತ್ತೂ ಅಲ್ಲ, ಬನ್ಸೂ ಅಲ್ಲ. ನಾಲ್ಕಕ್ಕೆ 160 ರೂಪಾಯಿ ಸ್ವಲ್ಪ ಜಾಸ್ತಿಯೇ, ಆದರೂ ಇನ್ನೊಂದು ಪ್ಲೇಟ್ ತರಿಸಿದೆವು.

ಬಾರಾ ಬ್ರಿತ್ ಕೂಡ ಇತ್ತು. ಒಣಹಣ್ಣನ್ನು ಚಹಾದಲ್ಲಿ ನೆನೆಸಿ ಮಾಡುವ ಬ್ರೆಡ್. ಬೆಣ್ಣೆ ಸವರಿ ತಿನ್ನಬೇಕು. ಪರವಾಗಿಲ್ಲ.

ಸೂಪಿನ ಕತೆ ಬೇರೆ. ಕೌಲ್ ಅಂದರೆ ಕುರಿಮಾಂಸ, ಆಲೂಗಡ್ಡೆ, ಗೆಡ್ಡೆಗಳು, ಲೀಕ್ (ನೀರುಳ್ಳಿ ಜಾತಿಯ ದಪ್ಪ ದಂಟಿನ ತರಕಾರಿ) ಹಾಕಿ ನಿಧಾನಕ್ಕೆ ಕುದಿಸಿದ್ದು. ತಪಸ್ಸುಕಾಲದಲ್ಲಿ ಮಾಂಸ ಬಿಟ್ಟವರಿಗೆ ಅಂತ ಬರೀ ತರಕಾರಿಯದ್ದೂ ಮಾಡಿದ್ದರು. ಒಳ್ಳೆಯ ಯೋಚನೆ. ಡೇವಿಡ್ ಕೂಡ ರೊಟ್ಟಿ, ಸೊಪ್ಪು, ನೀರಿನಲ್ಲೇ ಬದುಕಿದವರು ಅಂತ ಹೇಳುತ್ತಾರಲ್ವಾ. ಆದರೆ ಲೀಕ್ ಬದಲು ನೀರುಳ್ಳಿ ಸೊಪ್ಪು ಹಾಕಿದ್ದು ಯಾಕೆ ಮಾರಾಯ್ರೆ? ಲೀಕ್ ಈ ಹಬ್ಬದ ಗುರುತೇ. ಇಂಗ್ಲಿಷರ ಪೂರ್ವಜರಾದ ಸ್ಯಾಕ್ಸನ್ನರ ಜೊತೆ ಯುದ್ಧದಲ್ಲಿ ನಮ್ಮವರು ಯಾರು ಅಂತ ತಿಳಿಯಲಿಕ್ಕೆ ಟೊಪ್ಪಿಗೆ ಲೀಕ್ ಸಿಕ್ಕಿಸಿಕೊಳ್ಳಿ ಅಂತ ಡೇವಿಡ್ ಹೇಳಿದರಂತೆ, ಹಾಗೆ ಒಂದು ಕತೆ. ವೆಲ್ಶ್ ಸೈನ್ಯದಲ್ಲಿ ಮಾರ್ಚ್ 1ರಂದು ಹೊಸಬರಿಗೆ ಹಸಿ ಲೀಕ್ ತಿನ್ನಿಸುವ ಸಂಪ್ರದಾಯ ಈಗಲೂ ಇದೆ. ಅದಿಲ್ಲದೆ ಕೌಲ್ ಮಾಡುವುದಕ್ಕಿಂತ ಸುಮ್ನೆ ತರಕಾರಿ ಸೂಪು ಅಂತ ಬರೆದಿದ್ದರೆ ಸಾಕಿತ್ತು. ಉಪ್ಪೂ ಕಮ್ಮಿ.

ಈ ಹಬ್ಬದ ಇನ್ನೊಂದು ಗುರುತು ಡ್ಯಾಫೊಡಿಲ್ ಅನ್ನುವ ಹಳದಿ ಹೂವು. ಅದು ನಮ್ಮ ಸೆಕೆಗೆ ಆಗುವುದಲ್ಲ. ಅದಕ್ಕೆ ಮೇಜಿನ ಮೇಲೆ ಹಳದಿ ಸೇವಂತಿಗೆ ಇಟ್ಟಿದ್ದರು. ನನಗೆ ಇಷ್ಟವಾಯಿತು. ಆದರೆ ವೇಲ್ಸ್‌ನಲ್ಲಿ ಡ್ಯಾಫೊಡಿಲನ್ನು ಕೋಟಿಗೆ, ರವಿಕೆಗೆ ಚುಚ್ಚಿಕೊಳ್ಳುವುದು ವಾಡಿಕೆ. ಶಾಲೆಯ ಹೆಣ್ಣುಮಕ್ಕಳು ಉದ್ದದ ಕಪ್ಪು ಟೊಪ್ಪಿ, ಶಾಲು ಹಾಕಿಕೊಂಡು ಹೋಗುತ್ತಾರೆ. ಬಂದವರಿಗೆ ಒಂದೊಂದು ಪಿನ್ ಕೊಟ್ಟಿದ್ದರೆ ಚಂದ ಇರ್ತಿತ್ತು.

ದೊಡ್ಡ ಎಡವಟ್ಟು ಬೋರ್ಡಿನಲ್ಲಿ. ಕೆಂಪು ಡ್ರ್ಯಾಗನ್ ಇರುವ ಬಿಳಿ, ಹಸಿರು ಬಾವುಟ ಸರಿಯಾಗಿಯೇ ಬಿಡಿಸಿ, ಕೆಳಗೆ ‘ಇಂಗ್ಲೆಂಡಿನ ಹಬ್ಬ’ ಅಂತ ಬರೆದಿದ್ದರು! ಅಕ್ಕನ ಮಗಳಿಗೆ ಫೋಟೋ ಕಳಿಸಿದೆ. ‘ಚಿಕ್ಕಮ್ಮಾ, ಇದನ್ನು ಇಲ್ಲಿ ತೋರಿಸಿದರೆ ಜಗಳವೇ ಆದೀತು’ ಅಂದಳು. ಕೌಂಟರಿನ ಹುಡುಗನಿಗೆ ಹೇಳಿದೆ. ‘ಹೌದಾ ಆಂಟಿ?’ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿ ವೇಲ್ಸ್ ಅಂತ ಬರೆದ. ಮುಖ ಗಂಟು ಹಾಕಲಿಲ್ಲ, ಅದಕ್ಕೊಂದು ಅಂಕ ಜಾಸ್ತಿ.

ವೆಲ್ಶ್ ಕೇಕ್ ಇನ್ನು ಮುಂದೆಯೂ ಭಾನುವಾರ ಸಂಜೆ ಇರುತ್ತದಂತೆ. ಅಲ್ಲೇ ಕೂತು ತಿನ್ನಿ. ಪಾರ್ಸೆಲ್ ತಂದದ್ದು ಮನೆ ಮುಟ್ಟುವಾಗ ಡಬ್ಬಿಯೊಳಗೆ ಬೆವರಿ, ಸಕ್ಕರೆ ಎಲ್ಲ ಕರಗಿತ್ತು.