ಕೊರೆಯುವ ಚಳಿಯಲ್ಲಿ ಒಂದು ಬಕೆಟ್ ನೀರು ಸಾಕೇ? ಆಪ್ಟಿಮಮ್ ನೋ ರಿನ್ಸ್ ಬಗ್ಗೆ

ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಕಡೆ ಕಾರಿಗೆ ಹೆಚ್ಚು ಸ್ನಾನ ಬೇಕಾಗುವುದು ಚಳಿಗಾಲದಲ್ಲೇ. ಪೈಪ್ ಹಿಡಿದು ತೊಳೆಯಲು ಆಗದ ಕಾಲವೂ ಅದೇ. ಆಪ್ಟಿಮಮ್ ನೋ ರಿನ್ಸ್ ಎಂಬ ಕಾರು ತೊಳೆಯುವ ದ್ರಾವಣ ಈ ಇಕ್ಕಟ್ಟಿಗೆಂದೇ ಮಾಡಿದಂತಿದೆ. ನೀರಿಗೆ ಬೆರೆಸಿ ಒರೆಸಿದರಾಯಿತು, ಮತ್ತೆ ನೀರು ಹೊಯ್ಯಬೇಕಿಲ್ಲ. ಅದರಲ್ಲಿರುವ ಪಾಲಿಮರ್‌ಗಳು ಧೂಳಿನ ಕಣವನ್ನು ಸುತ್ತುವರಿದು, ಕಣ ಪೇಂಟಿನ ಮೇಲೆ ಉಜ್ಜದೆ ಜಾರುವಂತೆ ಮಾಡುತ್ತವೆ. ತೆಳುವಾದ ಧೂಳು, ಉಪ್ಪಿನ ಬಿಳಿ ಪೊರೆ ಇಷ್ಟೇ ಇದ್ದರೆ ಚಳಿಗಾಲಕ್ಕೆ ಇದಕ್ಕಿಂತ ಸುರಕ್ಷಿತವಾದ ಮನೆ ವಿಧಾನ ಇಲ್ಲ ಎಂದೇ ಹೇಳಬಹುದು. ಕೆಸರು ಗಟ್ಟಿಯಾಗಿ ಅಂಟಿದ್ದರೆ ಮಾತ್ರ ಬಾಟಲಿಯನ್ನು ಮುಟ್ಟಲೇಬೇಡಿ.

ಅಳತೆ 1:256, ಅಂದರೆ 8 ಲೀಟರ್ ನೀರಿಗೆ ಸುಮಾರು 30 ಮಿಲಿ. ಹೆಚ್ಚಿನವರು ಎಡವುವುದು ಇಲ್ಲೇ. ಶಾಂಪೂ ಥರ ನೊರೆ ಬರುವುದಿಲ್ಲ. ಕೆಲಸ ಮಾಡುತ್ತಿಲ್ಲವೇನೋ ಎಂದು ಇನ್ನೊಂದು ಮುಚ್ಚಳ ಸುರಿಯುತ್ತಾರೆ. ಆಮೇಲೆ ರಾತ್ರಿ ಎದುರಿನ ಗಾಡಿಯ ಬೆಳಕು ಬಿದ್ದಾಗ ಗಾಜಿನ ತುಂಬ ಜಿಡ್ಡು ಜಿಡ್ಡಾದ ಗೆರೆಗಳು. ನೊರೆ ಬರಲೆಂದು ಶಾಂಪೂ ಬೆರೆಸಿದರೆ ಇನ್ನೂ ಕೆಟ್ಟದು, ಅದನ್ನು ನೀರು ಹೊಯ್ದು ತೊಳೆಯದೆ ಗತ್ಯಂತರವಿಲ್ಲ. ನೀರು ಉಗುರುಬೆಚ್ಚಗಿದ್ದರೆ ಸಾಕು, ಅದೂ ಮುಖ್ಯವಾಗಿ ನಿಮ್ಮ ಕೈಗಾಗಿ. ತೆಳು ಉಣ್ಣೆಯ ಗ್ಲೌಸ್ ಮೇಲೆ ಒಂದು ಜೊತೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಹೆಪ್ಪುಗಟ್ಟಿದ ಮುಂಗಾಜಿನ ಮೇಲೆ ಕುದಿನೀರು ಸುರಿಯುವ ದುಸ್ಸಾಹಸ ಖಂಡಿತ ಬೇಡ. ಬಿಸಿ ತಾಗಿದ ಭಾಗ ತಟ್ಟನೆ ಹಿಗ್ಗುತ್ತದೆ, ಪಕ್ಕದ ಭಾಗ ಹಿಗ್ಗುವುದಿಲ್ಲ. ಮೊದಲೇ ಕಲ್ಲು ತಾಗಿ ಚುಕ್ಕೆ ಬಿದ್ದಿದ್ದ ಗಾಜಾದರೆ ಬಿರುಕು ಅಲ್ಲಿಂದಲೇ ಹರಿಯುತ್ತದೆ.

ಬಕೆಟ್‌ಗಿಂತ ಮೊದಲು ಪಂಪ್ ಸ್ಪ್ರೇಯರ್ ಬೇಕು. 2 ಲೀಟರ್ ನೀರಿಗೆ 8 ಮಿಲಿ ಬೆರೆಸಿ, ಒಂದು ಬಾಗಿಲಿನಷ್ಟು ಜಾಗಕ್ಕೆ ಚೆನ್ನಾಗಿ ಸಿಂಪಡಿಸಿ ಒಂದೆರಡು ನಿಮಿಷ ನೆನೆಯಲು ಬಿಡಿ. ಒಣಗಬಾರದು, ಹೆಪ್ಪುಗಟ್ಟಲೂಬಾರದು. ಇಡೀ ಕಾರಿಗೆ ಒಟ್ಟಿಗೆ ಸಿಂಪಡಿಸಬೇಡಿ. 40 ಸೆಂ.ಮೀ. ಚೌಕದ ಆರರಿಂದ ಎಂಟು ಮೈಕ್ರೋಫೈಬರ್ ಬಟ್ಟೆಗಳು ಬಕೆಟ್‌ನಲ್ಲಿ ನೆನೆಯುತ್ತಿರಲಿ. ಒಂದನ್ನು ತೆಗೆದು ಹಗುರಾಗಿ ಹಿಂಡಿ ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತವೆ. ಬಟ್ಟೆಯ ಭಾರವೇ ಒತ್ತಡ, ಕೈಯಿಂದ ಒತ್ತಬೇಡಿ. ಒಂದೇ ದಿಕ್ಕಿಗೆ ನೇರವಾಗಿ ಎಳೆದು ಮಡಿಕೆ ತಿರುಗಿಸಿ ನೋಡಿ: ಬಟ್ಟೆಯ ಮುಂಚೂಣಿ ಅಂಚಿನಲ್ಲಿ ಬೂದಿ ಬಣ್ಣದ ಪಟ್ಟಿಯೊಂದು ಕೂತಿರುತ್ತದೆ. ಗುಂಡಗೆ ಉಜ್ಜಿದ್ದರೆ ಆ ಪಟ್ಟಿಯಷ್ಟೂ ಮರಳು ಕ್ಲಿಯರ್ ಕೋಟ್ (ಪೇಂಟಿನ ಮೇಲಿನ ಪಾರದರ್ಶಕ ಪದರ) ಮೇಲೆ ಸುತ್ತು ಹೊಡೆದು, ಬಿಸಿಲಿಗೆ ಜೇಡರ ಬಲೆಯಂತೆ ಕಾಣುವ ಗೀರು ಬೀಳುತ್ತಿತ್ತು. ಕೊಳೆಯಾದ ಮುಖವನ್ನು ಮತ್ತೆ ಬಳಸಬೇಡಿ, ಎಂಟೂ ಮುಗಿದ ಬಟ್ಟೆಯನ್ನು ಬಕೆಟ್‌ಗೆ ಮರಳಿ ಹಾಕಬೇಡಿ, ಬೇರೆ ಕಡೆ ಇಡಿ. ಬೆರಳಿಗೆ ಕರಕರ ಎನ್ನಿಸಿದರೆ ಅಲ್ಲೇ ನಿಲ್ಲಿಸಿ ಇನ್ನೊಮ್ಮೆ ಸಿಂಪಡಿಸಿ.

ಮೇಲಿನಿಂದ ಕೆಳಕ್ಕೆ ಬನ್ನಿ. ಬಾಗಿಲಿನ ಕೆಳಭಾಗ, ಹಿಂದಿನ ಬಂಪರ್ ಕೊನೆಗೆ. ಚಕ್ರಗಳಿಗೆ ಹಳೆಯ ಬಟ್ಟೆಗಳೇ ಇರಲಿ, ಅವು ಮತ್ತೆ ಬಾಡಿಯ ಹತ್ತಿರ ಸುಳಿಯಬಾರದು.

ಹವೆ ನೋಡಿ ಕೈ ಹಾಕಿ. ಉಷ್ಣತೆ ಕನಿಷ್ಠ 4–5 ಡಿಗ್ರಿ ಸೆಲ್ಸಿಯಸ್ ಇರಲಿ. ರಾತ್ರಿಯೆಲ್ಲ ಕೊರೆದ ತಗಡು, ಗಾಳಿ ಬೆಚ್ಚಗಾದ ಮೇಲೂ ತಣ್ಣಗೇ ಇರುತ್ತದೆ. ಬಾನೆಟ್ ಮೇಲೆ ಒಂದು ಅಂಗೈ ಅಗಲ ಒದ್ದೆ ಮಾಡಿ ಕಾಯಿರಿ. ಅಂಚು ಬೆಳ್ಳಗಾಗತೊಡಗಿದರೆ ಆ ದಿನ ಕೈಬಿಡಿ. ಮಧ್ಯಾಹ್ನಕ್ಕೆ ಮುಂಚೆ ಶುರು ಮಾಡಿದರೆ ಸಂದುಗೊಂದುಗಳು ಆರಲು ಸಮಯ ಸಿಗುತ್ತದೆ. ನೆಲಕ್ಕೆ ನೀರು ಬೀಳುವುದು ಕಡಿಮೆ, ಹಾಗಾಗಿ ಅಂಗಳ ಗಾಜಿನಂತೆ ಹೆಪ್ಪುಗಟ್ಟಿ ಕಾಲು ಜಾರುವ ಭಯವೂ ಕಡಿಮೆ. ಈ ದ್ರಾವಣದ ದೊಡ್ಡ ಉಪಕಾರ ಇದು.

ಇದರಿಂದ ಆಗದ ಕೆಲಸ ಕಾರಿನ ಅಡಿಭಾಗದ್ದು. ರಸ್ತೆಗೆ ಬಳಸುವ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನೇ ಹೀರಿ ಒದ್ದೆಯಾಗಿರುತ್ತವೆ. ಆ ಒದ್ದೆ ಇರುವಷ್ಟು ಕಾಲ ತುಕ್ಕು ಹಿಡಿಯುತ್ತಲೇ ಇರುತ್ತದೆ. ಉಪ್ಪು ಮೆತ್ತಿದ ಕಾರನ್ನು ಹಾಗೇ ಬೆಚ್ಚನೆಯ ಗ್ಯಾರೇಜಿಗೆ ಸೇರಿಸಿದರೆ ತುಕ್ಕಿಗೆ ಇನ್ನಷ್ಟು ವೇಗ. ಆದ್ದರಿಂದ ಮೊದಲು ಹತ್ತಿರದ ವಾಶಿಂಗ್ ಸೆಂಟರಿನಲ್ಲಿ ಪ್ರೆಷರ್ ಹಾಕಿಸಿ ಅಡಿಭಾಗ, ಚಕ್ರದ ಗೂಡು, ಗಟ್ಟಿ ಕೆಸರು ಕಳೆದುಕೊಂಡು, ಮನೆಗೆ ಬಂದು ಮೇಲ್ಮೈಗೆ ಇದನ್ನು ಬಳಸಿ. ಉಪ್ಪಿನ ರಸ್ತೆಯಲ್ಲಿ ದಿನಾ ಓಡುವ ಕಾರಿಗೆ ಹತ್ತು ದಿನಕ್ಕೊಮ್ಮೆಯಾದರೂ ಇದು ಬೇಕು.

ಒರೆಸಿದ ಕೂಡಲೇ ಒಣ ಬಟ್ಟೆ. ಮೇಲೆ ಮಿರಮಿರ ಹೊಳೆದ ಕೂಡಲೇ ಬಿಟ್ಟು ಎದ್ದರೆ ಮರುದಿನ ಬಾಗಿಲು ತೆರೆಯುವುದಿಲ್ಲ. ಬಾಗಿಲು, ಡಿಕ್ಕಿ ತೆರೆದು ರಬ್ಬರ್ ಬೀಡಿಂಗ್‌ನ ಎರಡೂ ಬದಿ ಒರೆಸಿ. ಹ್ಯಾಂಡಲ್ ಎತ್ತಿ ಹಿಡಿದರೆ ಅದರ ಹಿಂದಿನ ಗುಳಿಯಲ್ಲಿ ಎರಡು ಮೂರು ಹನಿ ನಿಂತಿರುತ್ತವೆ, ರಾತ್ರಿ ಹೆಪ್ಪುಗಟ್ಟಿ ಹ್ಯಾಂಡಲನ್ನು ಬಂಧಿಸುವುದು ಅವೇ. ಪೆಟ್ರೋಲ್ ಮುಚ್ಚಳದ ಸಂದು, ಕನ್ನಡಿಯ ಬುಡ, ವೈಪರ್ ರಬ್ಬರ್ ಮರೆಯಬೇಡಿ. ಬೀಡಿಂಗ್ ಆರಿದ ಮೇಲೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಬಳಿಕ ಸ್ವಲ್ಪ ದೂರ ಓಡಿಸಿ, ಹಿಂದೆ ಮುಂದೆ ಯಾರೂ ಇಲ್ಲದಾಗ ನಾಲ್ಕೈದು ಸಲ ಹಗುರಾಗಿ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ಸಮತಟ್ಟಾದ ಜಾಗದಲ್ಲಾದರೆ ಆ ರಾತ್ರಿ, ಹೆಪ್ಪುಗಟ್ಟಿ ಕಚ್ಚಿಕೊಳ್ಳಬಹುದಾದ ಹ್ಯಾಂಡ್‌ಬ್ರೇಕ್ ಎಳೆಯುವ ಬದಲು ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕಟ್ಟಿಗೆ ಕೊಡಿ.

ಕೊರತೆಗಳೂ ಇವೆ. ಟಾರಿನ ಚುಕ್ಕೆ, ಎಣ್ಣೆಯ ಜಿಡ್ಡು ಇದಕ್ಕೆ ಬಗ್ಗುವುದಿಲ್ಲ. ಬಿಡುವ ನುಣುಪು ತಾತ್ಕಾಲಿಕ, ಆದ್ದರಿಂದ ಚಳಿ ಶುರುವಾಗುವ ಮೊದಲೇ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿಟ್ಟುಕೊಳ್ಳಬೇಕು. ಅಂಥ ಪೇಂಟಿನ ಮೇಲೆ ಕೊಳೆ ಸಲೀಸಾಗಿ ಬಿಡುತ್ತದೆ, ಬಟ್ಟೆಯೂ ಕಡಿಮೆ ಸಾಕು. ಬಾಟಲಿಯನ್ನು ಹೊರಗಿನ ಶೆಡ್‌ನಲ್ಲಿ ಹೆಪ್ಪುಗಟ್ಟಲು ಬಿಡದೆ ಮನೆಯೊಳಗೆ ಇಡಿ.